ಉರುಫ್ ಡ್ರೈಯರ್

ಅಮೆರಿಕದ ಮಿಸ್ಸೋರಿಯ ಡ್ರೈಯರ್ ಮನೆಯಲ್ಲಿ ಭಾನುವಾರದ ಊಟ ಶುರುವಾಗುವುದು ಅಪ್ಪನ ಪ್ರಾರ್ಥನೆಯಿಂದ. ಚರ್ಚಿನಿಂದ ಬಂದು, ಬಿಗಿ ಬೂಟು ಕಳಚಿ, ಕಿಟಕಿಗೆ ಬೆನ್ನು ಮಾಡಿ ಕೂತು ಅಪ್ಪ ಕಣ್ಣು ಮುಚ್ಚಿದನೆಂದರೆ ಚಮಚೆಯ ಸದ್ದೂ ಆಗುವಂತಿಲ್ಲ. ರೊಟ್ಟಿಗೆ, ಮಳೆಗೆ, ಕರುಗಳಿಗೆ ದೇವರನ್ನು ನೆನೆದು, ಕೊನೆಗೆ "ನಮ್ಮ ಅಪ್ಪಂದಿರು ನಮಗೆ ಬಿಟ್ಟುಹೋದ ಈ ನೆಲಕ್ಕಾಗಿ" ಎಂದು ಒಂದು ಮಾತು ಸೇರಿಸುತ್ತಿದ್ದ. ಅದು ಯಾವ ಪ್ರಾರ್ಥನೆ ಪುಸ್ತಕದಲ್ಲೂ ಇಲ್ಲ, ಅಪ್ಪನದೇ ಸ್ವಂತ. ಲೊರೀನ್ ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು. ಚಿಕ್ಕವಳಿದ್ದಾಗ ಅವಳು ಈ ಅಪ್ಪಂದಿರು ಸಾಲಾಗಿ, ಟೋಪಿ ಕೈಯಲ್ಲಿ ಹಿಡಿದು, ಜೋಳದ ಹೊಲದ ಅಂಚಿನಲ್ಲಿ ನಿಂತಿರುತ್ತಾರೆ ಎಂದುಕೊಂಡಿದ್ದಳು. ನಲವತ್ತು ಹತ್ತಿರವಾದರೂ ಕಣ್ಣು ಮುಚ್ಚಿದರೆ ಈಗಲೂ ಹಾಗೇ ಕಾಣುತ್ತಿತ್ತು.

ಆ ಭಾನುವಾರ ಅಮ್ಮ ಅಡೆಲಾ ಆಲೂಗಡ್ಡೆ ಕಡುಬು, ಹುಳಿ ಹಿಡಿಸಿದ ಎಲೆಕೋಸು, ಸುಟ್ಟ ಹಂದಿಮಾಂಸ ತಂದಿಟ್ಟು ಕೂತಳು. ಅಪ್ಪ ಮೊದಲ ತುತ್ತು ನುಂಗಿ ಹೇಳಿದ:

"ಅಕ್ಟೋಬರ್‌ಗೆ ನಮ್ಮ ಚರ್ಚಿಗೆ ನೂರೈವತ್ತು ತುಂಬತ್ತೆ. ಒಂದೊಂದು ಮನೆಯವರೂ ಒಂದೊಂದು ಹಲಗೆ ಮಾಡಿ ನಿಲ್ಲಿಸಬೇಕಂತೆ. ಜರ್ಮನಿಯ ಯಾವ ಊರಿಂದ ಬಂದ್ವಿ, ಯಾರ ಮಗ ಯಾರು, ಎಲ್ಲ. ಲೊರೀನ್, ಅಮ್ಮನ್ನ ಕರ್ಕೊಂಡು ಪೇಟೆಗೆ ಹೋಗು. ಅಲ್ಲಿ ಹಳೇ ಚರ್ಚುಗಳ ದಾಖಲೆಗಳನ್ನ ಫಿಲ್ಮ್ ಸುರುಳಿಯಲ್ಲಿ ತರಿಸಿಕೊಡ್ತಾರಂತೆ. ಕೋಹ್ಲರ್ ಮನೆಯವರ ಹಲಗೆಗಿಂತ ನಮ್ಮದು ಚಿಕ್ಕದಾಗಬಾರದು."

"ಕೋಹ್ಲರ್ ಮನೆಯವರು ಬಾಗಿಲಿನಷ್ಟು ದೊಡ್ಡದು ಮಾಡಿಸ್ತಿದಾರೆ," ಎಂದಳು ಅಮ್ಮ.

"ಹಾಗಾದ್ರೆ ನಮ್ಮದು ಕೊಟ್ಟಿಗೆ ಬಾಗಿಲಿನಷ್ಟು ಆಗಲಿ. ಇನ್ನೊಂದು ಮಾತು. ಹಬ್ಬ ಮುಗಿದ ಮೇಲೆ ವಕೀಲರ ಹತ್ತಿರ ಹೋಗ್ತೀನಿ. ಹೊಲ, ಕೊಟ್ಟಿಗೆ, ಎಲ್ಲ ಸೇಂಟ್ ಲೂಯಿಸಿನ ಜೀನ್ ಹೆಸರಿಗೆ ಬರೀತೀನಿ."

ಸೇಂಟ್ ಲೂಯಿಸಿನ ಜೀನ್ ಅಂದರೆ ಅಪ್ಪನ ತಮ್ಮನ ಮೊಮ್ಮಗ. ಆ ಮಹಾನಗರದಲ್ಲಿ ಬೂಟಿನ ಅಂಗಡಿ ಇಟ್ಟವನು.

"ಕ್ರಿಸ್ಮಸ್‌ಗೆ ಬಂದಾಗ ಹಸು ಬಾಲ ಬೀಸಿತು ಅಂತ ಕಾರೊಳಗೆ ಓಡಿ ಕೂತನಲ್ಲ, ಅವನಾ?" ಎಂದು ಕೇಳಿದಳು ಟ್ರೂಡಿ. ಅವಳು ಲೊರೀನಳ ಮಗಳು, ಹನ್ನೊಂದು ವರ್ಷ, ಕೇಳಬಾರದ್ದನ್ನು ಕೇಳುವುದರಲ್ಲಿ ಎತ್ತಿದ ಕೈ.

"ಅವನೇ. ಹಸು ಸಾಕೋದು ಕಲೀಬಹುದು. ಹೆಸರು ಕಲಿಯೋಕಾಗಲ್ಲ. ಅವನು ಡ್ರೈಯರ್. ಮೇಲಾಗಿ ನನ್ನ ಹಾಗೇ ಜೀನ್."

"ಅಪ್ಪ, ಹದಿನಾಲ್ಕು ವರ್ಷದಿಂದ ಆ ಹಸುಗಳ ಹಾಲು ಕರೀತಿರೋರು ಯಾರು?" ಎಂದಳು ಲೊರೀನ್.

"ಡ್ವೈಟ್ ಕೆಲಸಕ್ಕೆ ನಾನು ಹೆಸರಿಟ್ಟಿದೀನಾ?"

"ಹೆಸರಿನದೇ ತಕರಾರು ತೆಗೆದು ಹೆಸರಿಟ್ಟಿಲ್ಲ ಅಂತೀಯಲ್ಲ."

ಡ್ವೈಟ್ ಟ್ಯಾಕೆಟ್, ಲೊರೀನಳ ಗಂಡ, ಎದುರಿಗೇ ಕೂತಿದ್ದ. ದಕ್ಷಿಣದ ಬೆಟ್ಟಸೀಮೆಯವನು, ಮದುವೆಯಾಗಿ ಹೆಂಡತಿಯ ಮನೆಗೇ ಬಂದು ಸೇರಿದವನು. ಊರಿನಲ್ಲಿ ಅವನನ್ನು ಡ್ರೈಯರ್ ಅಳಿಯ ಎನ್ನುತ್ತಿದ್ದರೇ ಹೊರತು ಟ್ಯಾಕೆಟ್ ಎಂದು ಕರೆದವರು ಕಡಿಮೆ. ಅವನು ಬಟ್ಟಲೆತ್ತಿ ಮುಂದೆ ಹಿಡಿದ. "ಮಾವ, ಎಲೆಕೋಸು," ಎಂದ. ಅಷ್ಟೇ.

ಅಪ್ಪನ ಹೆಸರಿನ ಹೆಮ್ಮೆಗೆ ಒಂದು ಕಾರಣವಿತ್ತು. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮೊದಲು ಜರ್ಮನಿಯಿಂದ ಬಂದ ಹೈನ್‌ರಿಕ್ ಮುತ್ತಜ್ಜನ ಕಲ್ಲಿತ್ತು. ಅದರ ಮೇಲೆ, ಪಾಚಿಯ ನಡುವೆ, ಹೈನ್‌ರಿಕ್ ಯು ಜೆನ್ ಡ್ರೈಯರ್ ಎಂದು ಕೆತ್ತಿತ್ತು. ಅಪ್ಪ ಹುಟ್ಟಿದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. ಜರ್ಮನ್ ಮಾತಾಡಿದರೆ ಊರು ಕಣ್ಣು ಕೆಂಪಗೆ ಮಾಡುತ್ತಿದ್ದ ಕಾಲ. ಅಮೆರಿಕದ ಹೆಸರೂ ಆಗಬೇಕು, ಮನೆತನದ್ದೂ ಆಗಬೇಕು ಎಂದು ಅವನ ಅಪ್ಪ ಕಲ್ಲಿನ ಮೇಲಿನ ಜಿ, ಇ, ಎನ್ ಎಂಬ ಮೂರು ಅಕ್ಷರದ ಆ ಜೆನ್ ಅನ್ನೇ ಎತ್ತಿಕೊಂಡು ಮಗನಿಗೆ ಜೀನ್ ಎಂದು ಇಟ್ಟ. "ಬೇರೆಯವರಿಗೆ ಹೆಸರು ಬಾಯಲ್ಲಿ ಬಂದದ್ದು, ನನಗೆ ಕಲ್ಲಿನಲ್ಲಿ ಬಂದದ್ದು," ಎಂದು ಅಪ್ಪ ಮದುವೆ ಮನೆಗಳಲ್ಲಿ, ತಿಥಿ ಊಟಗಳಲ್ಲಿ, ದನದ ಸಂತೆಯಲ್ಲಿ ಹೇಳಿಕೊಂಡು ಬಂದಿದ್ದ. ಯು ಅಂದರೇನು ಎಂದು ಯಾರಾದರೂ ಕೇಳಿದರೆ "ಉಲ್ರಿಕ್" ಎನ್ನುತ್ತಿದ್ದ. ಅದಕ್ಕೆ ಆಧಾರ ಅವನ ದನಿಯ ಗತ್ತೇ.

ಸಂಜೆ ಹಾಲು ಕರೆಯುವ ಹೊತ್ತಿಗೆ ಲೊರೀನ್ ಕೊಟ್ಟಿಗೆಗೆ ಹೋದಳು. ಡ್ವೈಟ್ ಕೆಚ್ಚಲು ಒರೆಸುತ್ತಿದ್ದ.

"ನಿನಗೆ ಸಿಟ್ಟೇ ಬರಲ್ವಾ?" ಎಂದಳು.

"ಬರತ್ತೆ. ಇಲ್ಲಿಗೆ ತಂದರೆ ಇವಕ್ಕೆ ಗೊತ್ತಾಗಿಹೋಗತ್ತೆ, ಹಾಲು ಇಳಿಸಲ್ಲ. ಅದಕ್ಕೇ ಬಾಗಿಲ ಹೊರಗೆ ಬಿಟ್ಟು ಬರ್ತೀನಿ." ಅವನು ಇನ್ನೊಂದು ಹಸುವಿನ ಬೆನ್ನು ತಟ್ಟಿ ಪಕ್ಕಕ್ಕೆ ಸರಿಸಿದ. "ಹಾಲಿನ ಕಾರ್ಖಾನೆಯವರು ಕೆಲಸ ಕೊಡ್ತೀವಿ ಅಂದಿದಾರೆ ಲೊರೀನ್. ಇರೋಕೆ ಮನೆನೂ ಕೊಡ್ತಾರೆ. ಹಬ್ಬ ಆದ ಮೇಲೆ ಹೇಳ್ತೀನಿ ಅಂದಿದೀನಿ."

"ಹೋಗ್ತೀಯಾ?"

"ಬೂಟಿನಂಗಡಿಯವನ ಆಳಾಗಿ ಇರು ಅಂದ್ರೆ ಹೋಗ್ತೀನಿ. ನೀನು ಬರ್ತೀಯಾ ಹೇಳು."

ಲೊರೀನ್ ಬರುತ್ತೇನೆ ಎಂದಳು. ಹೇಳುವಾಗ ಅವಳ ಕೈ ಕೊಟ್ಟಿಗೆಯ ಮರದ ಕಂಬವನ್ನು ಹಿಡಿದುಕೊಂಡಿತ್ತು.

*

ಆ ವಾರದಿಂದ ತಾಯಿ ಮಗಳು ಬುಧವಾರ ಬುಧವಾರ ಪೇಟೆಗೆ ಹೋಗತೊಡಗಿದರು. ಅಮ್ಮ ಚರ್ಚಿಗೆ ಹೋಗುವ ಟೋಪಿಯನ್ನೇ ಹಾಕಿಕೊಂಡು, ಲಿವರ್ ಸಾಸೇಜು ಇಟ್ಟ ಬ್ರೆಡ್ಡಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ದಾಖಲೆ ಓದುವ ಕೋಣೆ ನೆಲಮಾಳಿಗೆಯಲ್ಲಿತ್ತು. ಯಂತ್ರಕ್ಕೆ ಸುರುಳಿ ಸಿಕ್ಕಿಸಿ ಹಿಡಿ ತಿರುಗಿಸಿದರೆ, ವೆಸ್ಟ್‌ಫಾಲಿಯಾದ ಓಸ್ಟರ್‌ಬೆಕ್ ಎಂಬ ಊರಿನ ಪಾದ್ರಿಗಳು ಬರೆದ ಪುಟಗಳು ಒಂದೊಂದಾಗಿ ಬೆಳಕಿಗೆ ಬರುತ್ತಿದ್ದವು.

ಲೊರೀನಳಿಗೆ ಅವು ಮಳೆಯಲ್ಲಿ ನೆಂದ ಬೇಲಿಯಂತೆ ಕಂಡವು, ಬರೀ ಓರೆ ಗೆರೆಗಳು. ಆದರೆ ಅಮ್ಮನ ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ಹರಡಿ, ಬೆರಳಲ್ಲಿ ಆ ಹಳೇ ಅಕ್ಷರಗಳನ್ನು ತಿದ್ದಿಸಿದ್ದಳಂತೆ. ತಿದ್ದಿ ಮುಗಿದ ಮೇಲೆ ಅದೇ ಹಿಟ್ಟಲ್ಲಿ ರೊಟ್ಟಿ. "ತಪ್ಪು ಬರೆದರೆ ರೊಟ್ಟಿ ಚಿಕ್ಕದು," ಎಂದಳು ಅಮ್ಮ, ಬೆಳಕಿನ ಮೇಲೆ ಬೆರಳಾಡಿಸುತ್ತ. ಮದುವೆಯಾದ ಮೇಲೆ ಆಕೆ ಒಂದು ಜರ್ಮನ್ ಮಾತಾಡಿದ್ದನ್ನೂ ಲೊರೀನ್ ಕೇಳಿರಲಿಲ್ಲ. ಈಗ ಗುನುಗಿಕೊಂಡು ಓದುತ್ತಿದ್ದಳು: ಯಾರ ಮಗುವಿಗೆ ದೀಕ್ಷೆಯ ನೀರು ಹಾಕಿದ್ದು, ಯಾರು ಜ್ವರದಲ್ಲಿ ಹೋದದ್ದು, ಯಾವ ಹುಡುಗಿ ಹೊಟ್ಟೆ ಹೊತ್ತುಕೊಂಡೇ ಮದುವೆಗೆ ನಿಂತದ್ದು.

"ಪಾದ್ರಿ ಅದನ್ನೂ ಬರೆದಿದಾರಾ?"

"ಅದನ್ನೇ ಚೆನ್ನಾಗಿ ಬರೆದಿರೋದು."

ಮುತ್ತಜ್ಜನ ಹೆಂಡತಿ ಆನಾ ಕತ್ರೀನಾ ಡ್ರೈಯರ್ ಹುಟ್ಟಿದ ದಾಖಲೆ ಮೊದಲ ದಿನವೇ ಸಿಕ್ಕಿತು. ಹುಟ್ಟುವಾಗಲೇ ಡ್ರೈಯರ್. "ದಾಯಾದಿಯನ್ನೇ ಮಾಡಿಕೊಂಡಿರಬೇಕು," ಎಂದಳು ಅಮ್ಮ. ಆದರೆ ಹೈನ್‌ರಿಕ್ ಡ್ರೈಯರ್ ಹುಟ್ಟಿದ್ದು ಮಾತ್ರ ಎಲ್ಲೂ ಇರಲಿಲ್ಲ. ಅವನು ಹುಟ್ಟಬೇಕಾಗಿದ್ದ ವರ್ಷ ನೋಡಿದರು, ಹಿಂದಿನದು ನೋಡಿದರು, ಮುಂದಿನದು ನೋಡಿದರು, ಪಕ್ಕದ ಊರಿನ ಸುರುಳಿ ತರಿಸಿ ನೋಡಿದರು. ಇಲ್ಲ.

"ಹುಟ್ಟದೇ ಬಂದನಾ ನಮ್ಮ ಮುತ್ತಜ್ಜ?" ಎಂದು ಮನೆಯಲ್ಲಿ ಟ್ರೂಡಿ ಕೇಳಿದ್ದಕ್ಕೆ ಅಪ್ಪ ರೇಗಿದ.

"ಆ ಪಾದ್ರಿಗಳು ಕುಡೀತಿದ್ರು. ಬರೆಯೋದು ಮರೆತಿದಾರೆ."

"ಊರವರೆಲ್ಲರದನ್ನೂ ಬರೆದು ನಿಮ್ಮ ಮುತ್ತಜ್ಜನ ಹೊತ್ತಿಗೇ ಕುಡಿದಿರಬೇಕು," ಎಂದಳು ಅಮ್ಮ.

*

ಸೆಪ್ಟೆಂಬರ್ ಬಂತು. ಅಂಗಳದಲ್ಲಿ ತಾಮ್ರದ ಹಂಡೆ ಇಟ್ಟು ಸೇಬಿನ ಪಾಕ ಕಾಯಿಸುವ ಕಾಲ. ಕೈಬಿಡದೆ ಕದಡಬೇಕು, ಒಂದು ಗಳಿಗೆ ನಿಂತರೆ ತಳ ಹಿಡಿಯುತ್ತದೆ. ಲೊರೀನ್, ಅಮ್ಮ, ಟ್ರೂಡಿ ಸರದಿಯ ಮೇಲೆ ಉದ್ದ ಹಿಡಿಯ ಹುಟ್ಟು ತಿರುಗಿಸುತ್ತಿದ್ದರು. ಡ್ವೈಟ್ ಏಣಿ ಹಾಕಿ ಕೊಟ್ಟಿಗೆಗೆ ಕೆಂಪು ಬಣ್ಣ ಹೊಡೆಯುತ್ತಿದ್ದ. ಚರ್ಚಿನ ದಾರಿಗೆ ಮುಖ ಮಾಡಿದ ಗೋಡೆ ಅದು. ಡ್ರೈಯರ್ ಎಂದು ಆಳೆತ್ತರದ ಬಿಳಿ ಅಕ್ಷರಗಳಿದ್ದವು. ಅವನ್ನು ಹಬ್ಬಕ್ಕೆ ಮುಂಚೆ ಹೊಸದಾಗಿ ತಿದ್ದಬೇಕೆಂದು ಅಪ್ಪನ ಅಪ್ಪಣೆ.

ಡ್ವೈಟ್ ಗೋಡೆಯನ್ನೆಲ್ಲ ಕೆಂಪು ಮಾಡಿದ. ಅಕ್ಷರಗಳ ಮೇಲೂ ಕೆಂಪು ಎಳೆದ. ಆಮೇಲೆ ಏಣಿ ಇಳಿದು ಕುಂಚ ತೊಳೆದಿಟ್ಟ.

ಊರುಗೋಲು ಊರಿಕೊಂಡು ಬಂದ ಅಪ್ಪ ಬೋಳು ಗೋಡೆ ನೋಡಿ ನಿಂತ.

"ಹೆಸರೆಲ್ಲಿ?"

"ಅಡಿಯಲ್ಲಿದೆ ಮಾವ."

"ಮೇಲೆ ಬರೆಯೋದು ಯಾವಾಗ?"

"ನಾನು ಬರೆಯಲ್ಲ. ಹೊಲ ಯಾರದಾಗತ್ತೋ ಅವರು ಬಂದು ಬರೀಲಿ. ಏಣಿ ಅಲ್ಲೇ ಇಟ್ಟಿರ್ತೀನಿ."

"ಬೆಟ್ಟದವನಿಗೆ ಹೆಸರಿನ ಬೆಲೆ ಎಲ್ಲಿ ಗೊತ್ತಾಗಬೇಕು. ನಿಮ್ಮ ಕಡೆ ಅಜ್ಜನ ಅಪ್ಪ ಯಾರು ಅಂತ ಕೇಳಿದ್ರೆ ಒಬ್ಬರ ಮುಖ ಒಬ್ಬರು ನೋಡ್ತೀರ."

"ಹೌದು ಮಾವ. ಮುಖ ನೋಡಿಯೇ ಗುರುತು ಹಿಡೀತೀವಿ."

ಲೊರೀನ್ ಹುಟ್ಟು ಕೈಬಿಟ್ಟು ಅಲ್ಲಿಗೆ ಓಡಿದಳು. "ಅಪ್ಪ, ಸಾಕು ಮಾಡು. ಇವರು ಹೋದ ಮೇಲೆ ನಾನೂ ಇಲ್ಲಿರಲ್ಲ. ಹಾಲಿನ ಕಾರ್ಖಾನೆಯವರು ಕರೆದಿದಾರೆ. ಟ್ರೂಡಿನೂ ನಮ್ಮ ಜೊತೆ ಬರ್ತಾಳೆ. ನೀನು, ಅಮ್ಮ, ಬೂಟಿನಂಗಡಿ ಜೀನ್, ಮೂವರೂ ಕೂತು ಹಾಲು ಕರೀರಿ."

ಅಪ್ಪನಿಗೆ ಕಾರ್ಖಾನೆಯ ವಿಷಯ ತಿಳಿದದ್ದು ಆಗಲೇ. ಬೆನ್ನು ತಿರುಗಿಸಿ ಮನೆ ಕಡೆ ನಡೆದ.

"ಪಾಕ ತಳ ಹಿಡೀತು," ಎಂದಳು ಟ್ರೂಡಿ, ಹಂಡೆಯ ಹತ್ತಿರದಿಂದ. ಆ ವರ್ಷದ ಸೇಬಿನ ಪಾಕವನ್ನು ಸೀದ ವಾಸನೆಯ ಜೊತೆಗೇ ತಿನ್ನಬೇಕಾಯಿತು.

ಮಾರನೆಯ ಬುಧವಾರ ಅಮ್ಮ ತಾನಾಗೇ ಹೊರಟು ನಿಂತಿದ್ದಳು. "ಇವತ್ತು ಹುಟ್ಟಿದ್ದು ಬೇಡ, ಮದುವೆ ಪುಸ್ತಕ ನೋಡೋಣ," ಎಂದಳು. ಕೋಣೆಯಲ್ಲಿ ಹಿಡಿ ತಿರುಗಿಸುತ್ತ, ಹೆಂಡತಿಯ ಹೆಸರು ಹಿಡಿದು ಹುಡುಕಿದಳು. ಒಂದು ಕಡೆ ಕೈ ನಿಂತಿತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಆಮೇಲೆ ನಗತೊಡಗಿದಳು. ಬಾಯಿಗೆ ಕರವಸ್ತ್ರ ಹಿಡಿದರೂ ನಗು ನಿಲ್ಲಲಿಲ್ಲ. ಅಕ್ಕಪಕ್ಕದ ಯಂತ್ರಗಳವರು ತಿರುಗಿ ನೋಡಿದರು.

"ಅಮ್ಮ, ಏನು? ಏನು ಬರೆದಿದೆ?"

"ಓದ್ತೀನಿ ಕೇಳು. ಹೈನ್‌ರಿಕ್ ಉಲೆನ್‌ಬ್ರೋಕ್, ಗೆನ್ ಚುಕ್ಕೆ, ಡ್ರೈಯರ್. ಡ್ರೈಯರ್ ಮನೆಯ ಆಳು. ಆ ಮನೆಯ ಒಬ್ಬಳೇ ಮಗಳು, ಹೊಲಕ್ಕೆ ಹಕ್ಕುದಾರಳು, ಆನಾ ಕತ್ರೀನಾಳನ್ನ ಮದುವೆಯಾದ."

"ಉಲೆನ್‌ಬ್ರೋಕಾ?"

"ಕಲ್ಲಿನ ಮೇಲಿನ ಯು ಅದೇ ಕಣೇ. ಆ ಕಡೆ ಹೊಲಕ್ಕೆ ಹೆಸರಿತ್ತು. ಯಾರು ಮನೆ ಅಳಿಯನಾಗಿ ಹೋಗ್ತಾನೋ ಅವನಿಗೆ ಆ ಹೊಲದ ಹೆಸರೇ. ನಮ್ಮಜ್ಜಿ ಹೇಳ್ತಿದ್ಲು, ನಾನೇ ಮರೆತಿದ್ದೆ. ನಾವು ಕಲ್ಲಿನ ಮೇಲೆ ಜೆನ್ ಅಂತ ಓದಿದ್ದನ್ನ ಜರ್ಮನ್ನಿನಲ್ಲಿ ಗೆನ್ ಅಂತ ಓದಬೇಕು, ಗೆನ್ ಅಂದರೆ ಗೆನಾಂಟ್. ಕರೆಯಲ್ಪಡುವ. ಪತ್ರದಲ್ಲಿ ಬರೀತಾರಲ್ಲ, ಇಂಥವನು ಉರುಫ್ ಇಂಥವನು ಅಂತ. ಅದು."

ಲೊರೀನ್ ಬೆಳಕಿನ ಮೇಲಿನ ಆ ಸಾಲಿಗೆ ಬೆರಳಿಟ್ಟಳು. "ಹಾಗಾದ್ರೆ ಅಪ್ಪನ ಹೆಸರು..."

"ಉರುಫ್," ಎಂದಳು ಅಮ್ಮ, ಮತ್ತೆ ಕರವಸ್ತ್ರ ಬಾಯಿಗೆ ಹೋಯಿತು. "ನಲವತ್ತೈದು ವರ್ಷ ಒಬ್ಬ ಉರುಫ್‌ನ ಜೊತೆ ಸಂಸಾರ ಮಾಡಿದೀನಿ."

ಅಂಚಿನಲ್ಲಿ ಪಾದ್ರಿ ಇನ್ನೊಂದು ಸಾಲು ಸೇರಿಸಿದ್ದ: ಹೊಲ ಮಾರಿ, ಮಕ್ಕಳೊಂದಿಗೆ ಅಮೆರಿಕಕ್ಕೆ ಹೋದರು. ಆನಾ ಕತ್ರೀನಾಳ ಹೊಲ ಮಾರಿದ ಹಣವೇ ಇಲ್ಲಿ ಮಿಸ್ಸೋರಿಯಲ್ಲಿ ನೆಲವಾಗಿತ್ತು.

ಹೊರಗೆ ಬಂದು ಕಾರಿಗೆ ಒರಗಿ ಬ್ರೆಡ್ಡು ತಿನ್ನುವಾಗ ಲೊರೀನಳ ಮನಸ್ಸು ಬೇರೆಲ್ಲೋ ಹೋಗಿತ್ತು. ಅಪ್ಪನ ಅಮ್ಮ, ಮಿನ್ನಾ ಅಜ್ಜಿ, ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೇಳುತ್ತಿದ್ದ ಒಂದು ಕತೆಯಿತ್ತು. ಒಬ್ಬ ದನ ಕಾಯುವ ಹುಡುಗ ದೊಡ್ಡ ಮನೆಯ ಬಾಗಿಲಿಗೆ ಬರುತ್ತಾನೆ. ಒಳಗೆ ಹುಡುಗಿ ಒಲೆಯ ಹತ್ತಿರ ನಿಂತಿದ್ದಾಳೆ. ಹೊಸಿಲು ಹೇಳುತ್ತದೆ: ಬೂಟಿನ ಜೊತೆ ಬಾ, ಕೆಸರಿನ ಜೊತೆ ಬಾ, ಹೆಸರು ಮಾತ್ರ ಹೊರಗಿಡು. ಹುಡುಗ ತನ್ನ ಹೆಸರನ್ನು ಟೋಪಿಯ ಹಾಗೆ ಬಾಗಿಲ ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಾನೆ. ಮುದುಕನಾಗಿ ಹೊರಬಂದು ನೋಡಿದರೆ ಮೊಳೆ ಇದೆ, ಹೆಸರಿಲ್ಲ. ಗೂಬೆ ಎತ್ತಿಕೊಂಡು ಹೋಗಿದೆ. ಮರದ ಮೇಲೆ ಕೂತು ಗೂಬೆ ದಿನಾ ಅವನನ್ನು ಹಳೇ ಹೆಸರಿನಿಂದ ಕರೆಯುತ್ತದೆ, ಅವನಿಗೆ ಅದು ಬರೀ ಗೂಬೆಯ ಕೂಗಾಗಿ ಕೇಳುತ್ತದೆ.

"ಅಮ್ಮ, ಉಲೆನ್‌ಬ್ರೋಕ್ ಅಂದರೆ ಅರ್ಥ ಏನು?"

"ಉಲೆ ಅಂದರೆ ಗೂಬೆ. ಗೂಬೆ ಇರೋ ಜೌಗು," ಎಂದು ಹೇಳಿ ಅಮ್ಮ ಸಾಸೇಜಿನ ತುಂಡು ಬಾಯಿಗೆ ಹಾಕಿಕೊಂಡಳು. ಮಗಳ ಕಣ್ಣು ತುಂಬಿದ್ದು ಕಂಡು, "ಏನಾಯ್ತೇ?" ಎಂದಳು.

"ಏನಿಲ್ಲ. ಮಿನ್ನಾ ಅಜ್ಜಿ ಗೊತ್ತಿದ್ದೂ ಬಿಡಿಸಿ ಹೇಳಲಿಲ್ವೋ, ಗೊತ್ತಿಲ್ಲದೇ ಆ ಗೂಬೆ ಕತೆ ಹೇಳಿದ್ಲೋ, ತಿಳೀತಿಲ್ಲ." ಅವಳು ಮೂಗು ಒರೆಸಿಕೊಂಡಳು. "ಅಪ್ಪನಿಗೆ ಹೇಗಮ್ಮ ಹೇಳೋದು? ಎದೆ ಒಡೆದುಕೊಳ್ತಾನೆ."

"ಹೇಳದೇ ಇದ್ದರೆ ನೀನು ಊರು ಬಿಡ್ತೀಯ. ನನ್ನ ಎದೆಯೇನು ಬೇಲಿ ಕಂಬವಾ?" ಎಂದಳು ಅಮ್ಮ.

*

ಶನಿವಾರ ಸ್ಮಶಾನ ಗುಡಿಸುವ ಸರದಿ ಡ್ರೈಯರ್ ಮನೆಯದು. ಹಬ್ಬಕ್ಕೆ ಕಲ್ಲು ತೊಳೆಯಬೇಕೆಂದು ಅಪ್ಪನೂ ಬಂದಿದ್ದ. ಡ್ವೈಟ್ ಹುಲ್ಲು ಕತ್ತರಿಸುತ್ತಿದ್ದ. ಅಮ್ಮ ಚೀಲದಿಂದ ಹಿಟ್ಟಿನ ಡಬ್ಬಿ ತೆಗೆದು ಟ್ರೂಡಿಯ ಕೈಗೆ ಕೊಟ್ಟಳು. "ಮುತ್ತಜ್ಜನ ಕಲ್ಲಿಗೆ ಸವರು. ಅಕ್ಷರದೊಳಗೆ ಹಿಟ್ಟು ನಿಲ್ಲಲಿ, ಮೇಲಿನದು ಒರೆಸು."

ಟ್ರೂಡಿ ಸವರಿದಳು, ಅಂಗೈಯಲ್ಲಿ ಒರೆಸಿದಳು. ಕಪ್ಪು ಕಲ್ಲಿನಿಂದ ಬಿಳಿ ಅಕ್ಷರಗಳು ಎದ್ದು ಬಂದವು. ಯು ಪಕ್ಕದಲ್ಲಿ ಒಂದು ಚುಕ್ಕೆ. ಜೆನ್ ಪಕ್ಕದಲ್ಲೂ ಒಂದು ಚುಕ್ಕೆ. ಆ ಮೂರು ಅಕ್ಷರಗಳು ಉಳಿದವಕ್ಕಿಂತ ಚಿಕ್ಕವು.

"ತಾತ, ನಿನ್ನ ಹೆಸರಿಗೆ ಯಾಕೆ ಚುಕ್ಕೆ? ನಿನ್ನ ಹೆಸರು ಯಾಕೆ ಚಿಕ್ಕದು?"

ಅಪ್ಪ ಬಗ್ಗಿ ನೋಡಿದ. ಅಮ್ಮ ಅವನ ಪಕ್ಕಕ್ಕೆ ಬಂದು ನಿಂತಳು. ಮನೆಯಲ್ಲಿ ಕೂಗಾಡುವಾಗಿನ ದನಿ ಅದಲ್ಲ, ಮೆಲ್ಲಗೆ ಹೇಳಿದಳು: "ಜೀನ್, ಅದು ಹೆಸರಲ್ಲ. ಉರುಫ್ ಅಂತ. ನಿಮ್ಮ ಮುತ್ತಜ್ಜ ಉಲೆನ್‌ಬ್ರೋಕ್ ಉರುಫ್ ಡ್ರೈಯರ್. ಉಲೆನ್‌ಬ್ರೋಕ್ ಅಂದರೆ ಗೂಬೆ ಜೌಗು. ಡ್ರೈಯರ್ ಮನೇಲಿ ದನ ನೋಡ್ಕೊಂಡಿದ್ದವನು. ಮನೆ ಅಳಿಯನಾಗಿ ಒಳಗೆ ಬಂದ. ಹೊಲ ಹೆಂಡತಿದು, ಹೆಸರೂ ಹೆಂಡತಿದು. ನಾನೇ ಓದಿದೆ."

"ತಪ್ಪು ಓದಿರ್ತೀಯ."

"ಓದಿಲ್ಲ. ತಪ್ಪು ಓದಿದ್ದರೆ ನನಗೆ ಚಿಕ್ಕ ರೊಟ್ಟಿ ಸಿಗ್ತಿತ್ತು."

"ಹಾಗಾದ್ರೆ ತಾತನ ಹೆಸರು ಉರುಫಾ?" ಎಂದಳು ಟ್ರೂಡಿ. ಲೊರೀನ್ ಅವಳ ಬಾಯಿ ಮುಚ್ಚಲು ಹೋದಳು, ಆಗಲಿಲ್ಲ. "ಸೇಂಟ್ ಲೂಯಿಸಿನವನೂ ಉರುಫಾ? ಇಬ್ಬರು ಉರುಫಾ?"

ಹುಲ್ಲಿನ ಹತ್ತಿರ ಡ್ವೈಟ್ ಕತ್ತರಿ ನಿಲ್ಲಿಸಿದ್ದ. ಅವನು ನಗಲಿಲ್ಲ. ಅಪ್ಪ ಅವನ ಕಡೆ ನೋಡಿದ, ನಗುತ್ತಿದ್ದಾನೆಯೇ ಎಂದು ನೋಡಿದ. ಡ್ವೈಟ್ ಮತ್ತೆ ತಲೆ ತಗ್ಗಿಸಿ ಹುಲ್ಲು ಕತ್ತರಿಸತೊಡಗಿದ, ಮುತ್ತಜ್ಜನ ಕಲ್ಲಿನ ಬುಡದ ಹುಲ್ಲನ್ನೇ, ನೀಟಾಗಿ.

ಅಪ್ಪ ಮನೆಯವರೆಗೂ ನಡೆದೇ ಬಂದ. ಕಾರು ಹತ್ತಲಿಲ್ಲ.

ಭಾನುವಾರ ಚರ್ಚಿಗೆ ಹೋಗಲಿಲ್ಲ. ಊಟಕ್ಕೆ ಬಂದು ಕೂತ, ಪ್ರಾರ್ಥನೆ ಹೇಳಲಿಲ್ಲ. ಅಮ್ಮ ಒಂದು ಗಳಿಗೆ ಕಾದು ತಾನೇ ಹೇಳಿದಳು. ಹಲಗೆಯ ಮಾತು ತೆಗೆದರೆ "ಕೋಹ್ಲರ್ ಮನೆಯದೇ ದೊಡ್ಡದಾಗಿರಲಿ" ಎಂದ. ಲೊರೀನಳಿಗೆ ತನ್ನ ಕೈಯಾರೆ ಅಪ್ಪನ ಕಲ್ಲು ಕಿತ್ತುಹಾಕಿದಂತಾಯಿತು. ಡ್ವೈಟ್‌ಗೆ ಹೇಳಿದಳು: "ಗೆದ್ದ ಹಾಗೆ ಅನ್ನಿಸ್ತಿಲ್ಲ ಕಣೋ."

"ಗೆಲ್ಲೋಕೆ ನಾವೆಲ್ಲಿ ಪಂದ್ಯ ಕಟ್ಟಿದ್ವಿ," ಎಂದ ಅವನು.

ಬುಧವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಊರುಗೋಲಿನ ಸದ್ದಾಯಿತು. ಸೊಂಟ ನೋವು ಶುರುವಾದ ಮೇಲೆ ಅಪ್ಪ ಹಾಲು ಕರೆಯುವ ಹೊತ್ತಿಗೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಲೊರೀನ್ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ನೀರು ನಿಲ್ಲಿಸಿದಳು. ಅಪ್ಪ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಡ್ವೈಟ್ ಕೆಲಸ ಮಾಡುವುದನ್ನೇ ನೋಡಿದ. ಒಂದು ಹಸು ಇನ್ನೊಂದಕ್ಕೆ ಜಾಗ ಬಿಟ್ಟಿತು.

"ಮುತ್ತಜ್ಜನೂ ಹೀಗೇ ಹಾಲು ಕರೀತಿದ್ದನೇನೋ," ಎಂದ ಅಪ್ಪ. "ಆನಾ ಕತ್ರೀನಾಳ ಅಪ್ಪ ಹೀಗೇ ಕೂತು ನೋಡ್ತಿದ್ದನೇನೋ."

"ಬೈತಿದ್ದನೋ ಇಲ್ಲವೋ," ಎಂದ ಡ್ವೈಟ್, ತಲೆ ಎತ್ತದೆ.

"ಬೈದಿರ್ತಾನೆ. ಡ್ರೈಯರ್ ತಾನೇ." ಅಪ್ಪ ಊರುಗೋಲಿನಿಂದ ನೆಲ ಕೆರೆದ. "ನಿಮ್ಮ ಟ್ಯಾಕೆಟ್‌ಗಳು ಆ ಬೆಟ್ಟಕ್ಕೆ ಎಲ್ಲಿಂದ ಬಂದ್ರೋ?"

ಹದಿನಾಲ್ಕು ವರ್ಷದಲ್ಲಿ ಅಪ್ಪ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು ಎಂದು ಲೊರೀನಳಿಗೆ ಹೊಳೆಯಿತು.

"ಗೊತ್ತಿಲ್ಲ ಮಾವ. ಪಶ್ಚಿಮಕ್ಕೆ ಹೊರಟಿದ್ರಂತೆ. ಅಲ್ಲಿ ಹೇಸರಗತ್ತೆ ಸತ್ತುಹೋಯ್ತಂತೆ. ಸತ್ತಲ್ಲೇ ಮನೆ ಕಟ್ಟಿದ್ರು."

ಅಪ್ಪನ ಭುಜ ಅಲುಗಿತು. ಅಳುತ್ತಿದ್ದಾನೋ ಎಂದು ಲೊರೀನ್ ಹೆದರಿದಳು. ನಗುತ್ತಿದ್ದ. "ಒಬ್ಬನಿಗೆ ಗೂಬೆ, ಒಬ್ಬನಿಗೆ ಕತ್ತೆ," ಎಂದ. ಎದ್ದು ಬಾಗಿಲ ತನಕ ಹೋಗಿ, ಆ ಕಡೆಗೇ ಮುಖ ಮಾಡಿ ಹೇಳಿದ: "ಏಣಿ ಇನ್ನೂ ಅಲ್ಲೇ ಇದೆ ತಾನೇ? ಬಿಳಿ ಬಣ್ಣ ತಗೋ. ಟ್ಯಾಕೆಟ್ ಅಂತ ಬರಿ. ಆಮೇಲೆ ಆ ಮೂರು ಅಕ್ಷರ. ಆಮೇಲೆ ಡ್ರೈಯರ್."

ಡ್ವೈಟ್ ನಿಂತ. "ಮಾವ, ನಾನು ಹೆಸರು ಬದಲಾಯಿಸಲ್ಲ."

"ಬದಲಾಯಿಸು ಅಂತ ಯಾರು ಹೇಳಿದ್ರು? ಅವನೂ ಬದಲಾಯಿಸಿಲ್ಲ, ಎರಡನ್ನೂ ಕಲ್ಲಿಗೆ ಹೊಡೆಸ್ಕೊಂಡ. ನಾವೇ ಓದಲಿಲ್ಲ." ಬಾಗಿಲು ದಾಟುತ್ತ, "ಆ ಕಾರ್ಖಾನೆಯವರಿಗೆ ಏನು ಹೇಳ್ತೀಯೋ ಹೇಳು. ನಾನು ಸೇಂಟ್ ಲೂಯಿಸಿಗೆ ಫೋನ್ ಮಾಡ್ತೀನಿ."

ಸೇಂಟ್ ಲೂಯಿಸಿನ ಜೀನ್ ಹೊಲ ತಪ್ಪಿತೆಂದು ಕೇಳಿ ಫೋನಿನಲ್ಲೇ ಉಸಿರು ಬಿಟ್ಟನಂತೆ. ಹಸುವಿನ ಭಯದಲ್ಲಿ ಎಷ್ಟೋ ದಿನದಿಂದ ನಿದ್ದೆ ಇರಲಿಲ್ಲವಂತೆ. ಅಮ್ಮ ಅದನ್ನು ಊರಿಗೆಲ್ಲ ಹೇಳಿದಳು. ಡ್ವೈಟ್ ಕಾರ್ಖಾನೆಗೆ ಬರುವುದಿಲ್ಲವೆಂದು ಪೋಸ್ಟ್‌ಕಾರ್ಡು ಬರೆದು, ಅದೇ ಕೈಯಲ್ಲಿ ಕುಂಚ ಎತ್ತಿಕೊಂಡ.

*

ಹಬ್ಬದ ದಿನ ಚರ್ಚಿನ ಸಭಾಂಗಣದಲ್ಲಿ ಹಲಗೆಗಳ ಸಾಲು. ಕೋಹ್ಲರ್ ಮನೆಯದೇ ದೊಡ್ಡದು. ಡ್ರೈಯರ್ ಹಲಗೆಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ಆನಾ ಕತ್ರೀನಾಳ ಹೆಸರಿತ್ತು; ಅಮ್ಮನ ಕೈಬರಹ, ಹಳೇ ಅಕ್ಷರದಲ್ಲೊಮ್ಮೆ, ಹೊಸದರಲ್ಲೊಮ್ಮೆ. ಮೂಲೆಯಲ್ಲಿ ಟ್ರೂಡಿ ಗೂಬೆಯ ಚಿತ್ರ ಬರೆದಿದ್ದಳು, ಅದರ ಕೊಕ್ಕಿನಲ್ಲಿ ಒಂದು ಟೋಪಿ. ಮಿನ್ನಾ ಅಜ್ಜಿಯ ಕತೆಯನ್ನು ಲೊರೀನ್ ಅವಳಿಗೆ ಹೇಳಿ ಮುಗಿಸಿದ್ದು ಹಿಂದಿನ ದಿನವಷ್ಟೇ. ಮುಗಿದ ಮೇಲೆ ಟ್ರೂಡಿ, ಗೂಬೆ ಹೆಸರು ತಂದು ಕೊಟ್ಟಿತಾ ಎಂದು ಕೇಳಿದ್ದಳು. ಕೊಟ್ಟಿತು, ಸ್ವಲ್ಪ ತಡವಾಯಿತು ಎಂದಿದ್ದಳು ಲೊರೀನ್.

ಊಟ ಡ್ರೈಯರ್ ಅಂಗಳದಲ್ಲಿ. ಮೇಜು ಸೇರಿಸಿ ಹಾಕಿದ್ದರು. ಸೀದ ಸೇಬಿನ ಪಾಕವನ್ನೂ ಅಮ್ಮ ಧೈರ್ಯವಾಗಿ ಇಟ್ಟಿದ್ದಳು. ಜನ ಹೊಗೆಯ ರುಚಿ ಚೆನ್ನಾಗಿದೆ, ಹೇಗೆ ಮಾಡಿದಿರಿ ಎಂದು ಕೇಳಿ ಬರೆದುಕೊಂಡರು. ಅಪ್ಪ ಎದ್ದು ನಿಂತು ಕಣ್ಣು ಮುಚ್ಚಿದ. ರೊಟ್ಟಿಗೆ, ಮಳೆಗೆ, ಕರುಗಳಿಗೆ ದೇವರನ್ನು ನೆನೆದ. ಕೊನೆಗೆ ತನ್ನ ಸ್ವಂತ ಮಾತಿಗೆ ಬಂದ.

"ನಮ್ಮ ಅಮ್ಮಂದಿರು ನಮಗೆ ಬಿಟ್ಟುಹೋದ ಈ ನೆಲಕ್ಕಾಗಿ," ಎಂದ. "ಆಮೇಲೆ, ಒಳಗೆ ಬಂದವರಿಗಾಗಿ."

ಲೊರೀನ್ ಕಣ್ಣು ಮುಚ್ಚಿಯೇ ಇದ್ದಳು. ಹೊಲದ ಅಂಚಿನಲ್ಲಿ ಟೋಪಿ ಹಿಡಿದು ನಿಂತಿದ್ದ ಅಪ್ಪಂದಿರ ಸಾಲಿಗೆ ಮುಂದೆ ಒಬ್ಬಳು ಬಂದು ನಿಂತಿದ್ದಳು. ಅವಳ ಕೈಯಲ್ಲಿ ಹಾಲಿನ ಕ್ಯಾನು ಇತ್ತು.

ಊಟದ ಮಧ್ಯೆ ಕೋಹ್ಲರ್ ಮನೆಯ ಮುದುಕ ಕತ್ತೆತ್ತಿ ಕೊಟ್ಟಿಗೆಯ ಗೋಡೆ ನೋಡಿದ. ಕೆಂಪಿನ ಮೇಲೆ ಹೊಸ ಬಿಳಿ ಬಿಸಿಲಿಗೆ ಹೊಳೆಯುತ್ತಿತ್ತು. ಎಡಕ್ಕೆ ಟ್ಯಾಕೆಟ್, ಬಲಕ್ಕೆ ಡ್ರೈಯರ್, ಅಷ್ಟೇ ಎತ್ತರ, ಅಷ್ಟೇ ಅಗಲ. ಮಧ್ಯದಲ್ಲಿ ಚಿಕ್ಕದಾಗಿ ಮೂರು ಅಕ್ಷರ, ಒಂದು ಚುಕ್ಕೆ.

"ಟ್ಯಾಕೆಟ್ ಗೊತ್ತಾಯ್ತು, ಡ್ರೈಯರ್ ಗೊತ್ತಾಯ್ತು," ಎಂದ ಆ ಮುದುಕ. "ಮಧ್ಯದಲ್ಲಿ ಸಣ್ಣಗೆ ನಿಂತಿರೋನು ಯಾರೋ?"

ಅಪ್ಪ ಡ್ವೈಟ್ ದಾಟಿಸಿದ ಬಟ್ಟಲಿನಿಂದ ಎಲೆಕೋಸು ಹಾಕಿಕೊಳ್ಳುತ್ತಿದ್ದ. ಅದನ್ನು ಟ್ರೂಡಿಯ ಕಡೆ ದಾಟಿಸಿ, ಬಾಯೊರೆಸಿಕೊಂಡು ಹೇಳಿದ:

"ನಾನೇ."